ಭಾವನ ಮಾರುತಿ 800, ಅದರ ಎಸಿ ಮತ್ತು ಮಲೆನಾಡಿನ ನೀರು

ಆಷಾಢದ ಒಂದು ಸಂಜೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಗಾಜನೂರು ದಾಟಿ ಮಂಡಗದ್ದೆ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಕಾರಿನಲ್ಲಿ ಐದು ಜನ, ಎರಡು ಒದ್ದೆ ಕೊಡೆ, ಡಿಕ್ಕಿಯಲ್ಲಿ ಒದ್ದೆ ಗೋಣಿಚೀಲ. ಕಿಟಕಿ ಇಳಿಸಿದರೆ ಮಳೆ ಒಳಗೆ, ಏರಿಸಿದರೆ ಗಾಜಿನ ಮೇಲೆ ಮಂಜು. ಭಾವ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬೈರಾಸ ಹಿಡಿದು ಗಾಜು ಒರೆಸುತ್ತಾ ಓಡಿಸುತ್ತಿದ್ದರು. ತಿರುವಿನಲ್ಲಿ ಎದುರಿಂದ ಬಸ್ಸು ಬಂದಾಗ ಐದೂ ಜನ ಉಸಿರು ಬಿಗಿಹಿಡಿದೆವು. ಬಸ್ಸು ದಾಟಿದ ಮೇಲೆ ಐವರೂ ಒಟ್ಟಿಗೆ ಉಸಿರು ಬಿಟ್ಟೆವು. ಗಾಜು ಪೂರ್ತಿ ಬೆಳ್ಳಗಾಯಿತು.

"ಎಸಿ ಹಾಕಿ ಭಾವ" ಅಂದೆ.

"ಈ ಚಳೀಲಿ ಎಸಿ ಯಾಕೆ ಮಾರಾಯ? ಅಲ್ದೆ ಅದು ಸತ್ತು ಎರಡು ವರ್ಷ ಆಯ್ತು."

ಕಾರು 1993ರ ಮಾರುತಿ 800, ಎಸಿ ಮಾಡೆಲ್. ಎಂಜಿನ್ ಇನ್ನೂ ಗಟ್ಟಿ ಇದೆ. ಎಸಿಗೆ ಒಬ್ಬ ಮೆಕ್ಯಾನಿಕ್ ಎರಡು ಸಲ ಗ್ಯಾಸ್ ತುಂಬಿ ಕೊಟ್ಟಿದ್ದ. ಒಂದು ಸಲ ಇಪ್ಪತ್ತು ದಿನ ಬಂತು, ಇನ್ನೊಂದು ಸಲ ಅಷ್ಟೂ ಬರಲಿಲ್ಲ. ಆಮೇಲೆ ಭಾವ ಆ ಸ್ವಿಚ್ ಮುಟ್ಟುವುದನ್ನೇ ಬಿಟ್ಟಿದ್ದರು.

ಆ ಕಾರಿನ ಎಸಿಯನ್ನು ಸರಿಯಾಗಿ ಮೇಲ್ದರ್ಜೆಗೆ ಏರಿಸಲು ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ನಮ್ಮ ಕಡೆ ಈ ಕೆಲಸ ಶುರುವಾಗುವುದೂ ನೀರಿನಿಂದ, ಕೆಡುವುದೂ ನೀರಿನಿಂದ. ಗ್ಯಾಸು ಆಮೇಲಿನ ಮಾತು.

ಚಳಿಯಲ್ಲಿ ಎಸಿ ಯಾಕೆ?

ಲೆಕ್ಕ ನೋಡಿ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ 37 ಡಿಗ್ರಿ, ಗಾಳಿಯಲ್ಲಿ ತೇವಾಂಶ 25 ಪರ್ಸೆಂಟ್ ಅಂದುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 11 ಗ್ರಾಂ ನೀರು ಆವಿಯಾಗಿ ಇರುತ್ತದೆ. ಜುಲೈ ಮಳೆಯಲ್ಲಿ 24 ಡಿಗ್ರಿ, ತೇವಾಂಶ 95 ಪರ್ಸೆಂಟ್. ಆಗ ಅದೇ ಒಂದು ಘನ ಮೀಟರ್‌ನಲ್ಲಿ 20 ಗ್ರಾಂ ಮೇಲೆ. ತಂಪಿರುವ ಜುಲೈಯ ಗಾಳಿಯಲ್ಲಿ ಉರಿಬಿಸಿಲಿನ ಗಾಳಿಗಿಂತ ಹೆಚ್ಚುಕಮ್ಮಿ ದುಪ್ಪಟ್ಟು ನೀರು!

ಎಸಿಯೊಳಗಿನ ಕೂಲಿಂಗ್ ಕಾಯಿಲ್ ದಾಟಿ 8 ಡಿಗ್ರಿಗೆ ಇಳಿದ ಗಾಳಿ ಸುಮಾರು 8 ಗ್ರಾಂ ನೀರನ್ನಷ್ಟೇ ಹಿಡಿದುಕೊಳ್ಳಬಲ್ಲದು. ಉಳಿದದ್ದು ಕಾಯಿಲ್ ಮೇಲೆ ಹನಿಯಾಗಿ, ಡ್ರೈನ್ ಪೈಪಿನಲ್ಲಿ ಇಳಿದು ರಸ್ತೆಗೆ ಬೀಳುತ್ತದೆ. ಅಂದರೆ ಏಪ್ರಿಲ್‌ನಲ್ಲಿ ಎಸಿಯ ಶ್ರಮವೆಲ್ಲ ಹೆಚ್ಚಾಗಿ ಬಿಸಿ ಇಳಿಸುವುದಕ್ಕೆ ಹೋಗುತ್ತದೆ. ಜುಲೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಶ್ರಮ ಗಾಳಿಯಿಂದ ನೀರು ಹಿಂಡುವುದಕ್ಕೇ ಬೇಕು. ಹಾಗೆ ಹಿಂಡಿದ ಒಣ ಗಾಳಿಯನ್ನು ಗಾಜಿಗೆ ಊದಿದರೆ ಒಳಗಿನ ಮಂಜು ಒಂದೆರಡು ನಿಮಿಷದಲ್ಲಿ ಮಾಯ.

ಒಂದು ಎಚ್ಚರಿಕೆ. ಮಂಜು ಗಾಜಿನ ಒಳಗಿದೆಯೋ ಹೊರಗಿದೆಯೋ ಎಂದು ಬೆರಳಿಟ್ಟು ನೋಡಿ. ಒಳಗಿದ್ದರೆ ಎಸಿ ಹಾಕಿ, ಹೊರಗಿನ ಗಾಳಿ ಬರುವ ಹಾಗೆ ಲಿವರ್ ತಿರುಗಿಸಿ, ಜೊತೆಗೆ ಹೀಟರ್ ಸ್ವಲ್ಪ ತೆರೆಯಿರಿ. ಹೊರಗಿದ್ದರೆ ಎಸಿಯೇ ಗಾಜನ್ನು ಅತಿಯಾಗಿ ತಣ್ಣಗೆ ಮಾಡಿದೆ ಅಂತ ಅರ್ಥ. ಊದುವುದನ್ನು ಕಡಿಮೆ ಮಾಡಿ, ವೈಪರ್ ಒಂದು ಸುತ್ತು ಓಡಿಸಿ. ಆಗುಂಬೆ ಕಡೆ ಎರಡೂ ಒಟ್ಟಿಗೆ ಆಗುವುದುಂಟು. ಆಗ ನಿಧಾನ ಹೋಗುವುದೇ ಸರಿ.

ತಂಪು ಎಲ್ಲಿಂದ ಬರುತ್ತದೆ?

ಸೂಜಿ ಚುಚ್ಚುವ ಮೊದಲು ನರ್ಸ್ ಹತ್ತಿಯಲ್ಲಿ ಸ್ಪಿರಿಟ್ ಒರೆಸುತ್ತಾರಲ್ಲ, ಆ ಜಾಗ ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗುವಾಗ ಚರ್ಮದ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಎಸಿಯ ಗ್ಯಾಸ್ ಮಾಡುವುದೂ ಇದನ್ನೇ. ಸ್ಪಿರಿಟ್ ಗಾಳಿಗೆ ಹಾರಿ ಹೋಗುತ್ತದೆ, ಎಸಿಯಲ್ಲಿ ಅದೇ ಗ್ಯಾಸನ್ನು ಹಿಡಿದು, ಮತ್ತೆ ದ್ರವ ಮಾಡಿ, ಮತ್ತೆ ಆವಿ ಮಾಡುತ್ತೇವೆ.

ಇದರ ಗುಟ್ಟು ಒತ್ತಡದಲ್ಲಿದೆ. ಕುಕ್ಕರ್‌ನಲ್ಲಿ ಒತ್ತಡ ಏರಿದಾಗ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಬೇಕಾಗುತ್ತದೆ. ಗ್ಯಾಸಿನದ್ದೂ ಹಾಗೆಯೇ. ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಕಡಿಮೆ, ಸುಮಾರು 30 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ). ಅಲ್ಲಿ ಗ್ಯಾಸ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಕುದಿದು ಕಾರಿನೊಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ 200 ಪಿಎಸ್‌ಐಗೆ ಏರಿಸುತ್ತದೆ. ಆ ಒತ್ತಡದಲ್ಲಿ ಗ್ಯಾಸ್ 55 ಡಿಗ್ರಿಯಲ್ಲೂ ದ್ರವವಾಗಲು ತಯಾರು. ಹಾಗಾಗಿ ರೇಡಿಯೇಟರ್ ಮುಂದೆ ಕೂತ ಕಂಡೆನ್ಸರ್‌ನಲ್ಲಿ, 37 ಡಿಗ್ರಿ ಬಿಸಿಗಾಳಿಗೂ ತನ್ನ ಬಿಸಿ ಕೊಟ್ಟು ದ್ರವವಾಗುತ್ತದೆ. ಮುಂದೆ ತೇವ ಹೀರುವ ಡ್ರೈಯರ್, ಆಮೇಲೆ ಎಕ್ಸ್‌ಪಾನ್ಷನ್ ವಾಲ್ವ್‌ನ ಸಣ್ಣ ತೂತು. ಆ ತೂತು ದಾಟಿದರೆ ಮತ್ತೆ ಒತ್ತಡ ಕಡಿಮೆ, ಮತ್ತೆ ತಂಪು.

ಇಷ್ಟು ತಿಳಿದರೆ ಸಾಕು, ಮೆಕ್ಯಾನಿಕ್ ಹೇಳಿದ್ದರಲ್ಲಿ ಯಾವುದು ಸರಿ ಯಾವುದು ಸುಮ್ನೆ ಎಂದು ಗೊತ್ತಾಗುತ್ತದೆ.

ಹಳೇ ಗ್ಯಾಸು, ಹೊಸ ಗ್ಯಾಸು

1993ರ ಕಾರಿಗೆ ಬಂದಿದ್ದು ಆರ್-12 ಎಂಬ ಗ್ಯಾಸ್. ಉರಿಯುವುದಿಲ್ಲ, ವಿಷವಲ್ಲ, ಒಳ್ಳೆ ತಂಪು ಕೊಡುತ್ತದೆ. ಆದರೆ ಅದರಲ್ಲಿರುವ ಕ್ಲೋರಿನ್ ಆಕಾಶಕ್ಕೇರಿ ಓಝೋನ್ ಪದರ ತಿನ್ನುತ್ತದೆ. ಅದಕ್ಕೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಇಂಥ ಗ್ಯಾಸ್ ನಿಲ್ಲಿಸಲು ಮುಂದುವರಿಯುತ್ತಿರುವ ದೇಶಗಳಿಗೆ 2010ರ ಗಡುವು ಇತ್ತು. ಹೀಗಾಗಿ ಇವತ್ತು ಯಾರಾದರೂ "ಒರಿಜಿನಲ್ ಹಳೇ ಗ್ಯಾಸ್ ಇದೆ ಸಾರ್" ಅಂದರೆ ಆ ಡಬ್ಬಿಯ ಬಗ್ಗೆ ನನಗಂತೂ ನಂಬಿಕೆ ಬರುವುದಿಲ್ಲ.

ಅದರ ಜಾಗಕ್ಕೆ ಬಂದದ್ದು ಆರ್-134ಎ. ಓಝೋನ್‌ಗೆ ತೊಂದರೆ ಇಲ್ಲ. ಭೂಮಿಯ ಬಿಸಿ ಏರಿಸುವುದರಲ್ಲಿ ಮಾತ್ರ ಇಂಗಾಲದ ಡೈಆಕ್ಸೈಡ್‌ಗಿಂತ 1,300 ಪಟ್ಟಿನ ಮೇಲಿದೆ. ಹಾಗಾಗಿ ಇದನ್ನೂ ಸುಮ್ನೆ ಗಾಳಿಗೆ ಬಿಡಬಾರದು. ಯುರೋಪಿನ ಹೊಸ ಕಾರುಗಳಲ್ಲಿ ಈಗ ಆರ್-1234ವೈಎಫ್ ಇದೆ. ದುಬಾರಿ, ಸ್ವಲ್ಪ ಉರಿಯುವ ಗುಣವೂ ಉಂಟು. ಮೂವತ್ತು ವರ್ಷದ ಕಾರಿಗೆ ಅದರ ಸಹವಾಸ ಬೇಡ.

ನಿಮ್ಮ ಕಾರಿನದ್ದು ಯಾವ ಗ್ಯಾಸ್? ಬಾನೆಟ್ ಒಳಗಿನ ಸ್ಟಿಕ್ಕರ್ ನೋಡಿ. ಅದು ಅಳಿಸಿಹೋಗಿದ್ದರೆ ಗ್ಯಾಸ್ ತುಂಬುವ ಮೂತಿ ನೋಡಿ. ಹೊರಗೆ ಸ್ಕ್ರೂವಿನಂಥ ಮರೆ ಸುತ್ತು ಇದ್ದು ತಿರುಗಿಸಿ ಹಾಕುವಂಥದ್ದಾದರೆ ಆರ್-12. ನುಣ್ಣಗೆ ದಪ್ಪಗಿದ್ದು, ಒತ್ತಿದರೆ ಟಕ್ ಎಂದು ಕೂರುವಂಥದ್ದಾದರೆ ಆರ್-134ಎ. ಎರಡನೇ ಗುಂಪಿನವರ ಕೆಲಸ ಸಲೀಸು. ಕಂಡೆನ್ಸರ್, ಫ್ಯಾನ್, ಡ್ರೈಯರ್ ನೋಡಿಕೊಂಡರೆ ಬಹುಪಾಲು ಮುಗಿಯಿತು.

ಆರ್-12 ಕಾರಿಗೆ ಹೊಸ ಗ್ಯಾಸ್ ತುಂಬಿದರೆ ಮುಗಿಯಿತಲ್ಲ ಎಂದು ಭಾವನ ಮೊದಲ ಮೆಕ್ಯಾನಿಕ್ ಅಂದುಕೊಂಡಿದ್ದ. ಎಡವಿದ್ದು ಅಲ್ಲೇ. ಕಂಪ್ರೆಸರ್‌ಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ. ಗ್ಯಾಸ್ ಜೊತೆಯಲ್ಲೇ ಆಯಿಲ್ ಸುತ್ತಬೇಕು. ಆರ್-12ರಲ್ಲಿ ಮಿನರಲ್ ಆಯಿಲ್ ಕರಗುತ್ತದೆ, ಆರ್-134ಎಯಲ್ಲಿ ಕರಗುವುದಿಲ್ಲ. ಕರಗದ ಆಯಿಲ್ ಕಾಯಿಲ್‌ನ ತಳದಲ್ಲಿ ಕೂತುಬಿಡುತ್ತದೆ. ಕಂಪ್ರೆಸರ್ ಒಣಗಿ ಕಿರುಗುಟ್ಟಿ ಕೊನೆಗೆ ಜಾಮ್ ಆಗುತ್ತದೆ. ಆದ್ದರಿಂದ ಹಳೇ ಆಯಿಲ್ ಪೂರ್ತಿ ಬಸಿದು, ಪೈಪುಗಳನ್ನು ಫ್ಲಶ್ ಮಾಡಿ, ಹೊಸ ಗ್ಯಾಸಿಗೆ ಹೊಂದುವ ಪಿಎಜಿ ಅಥವಾ ಎಸ್ಟರ್ ಎಂಬ ಕೃತಕ ಆಯಿಲ್ ಹಾಕಬೇಕು. ಹಳೇ ಕಂಪ್ರೆಸರನ್ನೇ ಉಳಿಸಿಕೊಂಡರೆ ಎಸ್ಟರ್ ವಾಸಿ, ಒಂಚೂರು ಮಿನರಲ್ ಆಯಿಲ್ ಉಳಿದಿದ್ದರೂ ಸಹಿಸಿಕೊಳ್ಳುತ್ತದೆ. ಹೊಸ ಕಂಪ್ರೆಸರ್ ಹಾಕಿದರೆ ಅದರ ಮೈಮೇಲೆ ಬರೆದ ಆಯಿಲ್ಲೇ ಹಾಕಿ, ವಾದ ಬೇಡ.

ಆರ್-134ಎಯ ಕಣ ಸಣ್ಣದು, ಹಳೇ ರಬ್ಬರ್ ಹೋಸ್‌ನಿಂದ ನಿಧಾನವಾಗಿ ಜಿನುಗುತ್ತದೆ. ಹೊಸ ಹೋಸ್‌ಗಳ ಒಳಗೆ ನೈಲಾನ್ ಪದರ ಇರುತ್ತದೆ. ಮೂವತ್ತು ವರ್ಷದ ಹೋಸ್ ಹೇಗೂ ಬಿರುಕು ಬಿಟ್ಟಿರುತ್ತದೆ, ಬದಲಿಸಿ. ಎಲ್ಲ ಜಾಯಿಂಟಿನ ಓ-ರಿಂಗೂ (ಸೋರದಂತೆ ಹಾಕುವ ರಬ್ಬರ್ ಬಳೆ) ಹೊಸದು ಹಾಕಿಸಿ. ಇಡೀ ಬಿಲ್ಲಿನಲ್ಲಿ ಇವೆಲ್ಲ ಸಣ್ಣ ಬಾಬ್ತು. ಭಾವನ ಗ್ಯಾಸ್ ಇಪ್ಪತ್ತು ದಿನದಲ್ಲಿ ಹೋಗಿದ್ದು ಎರಡು ಓ-ರಿಂಗಿನ ದಾರಿಯಲ್ಲಿ. ಸೋರಿದ ಜಾಗ ಹುಡುಕಲು ಯಂತ್ರವೇ ಬೇಕಾಗಲಿಲ್ಲ. ಜಾಯಿಂಟಿನ ಸುತ್ತ ಜಿಡ್ಡು ಹಿಡಿದ ಕಪ್ಪು ಧೂಳು ಕೂತಿತ್ತು. ಗ್ಯಾಸ್ ಹೋಗುವಾಗ ಆಯಿಲನ್ನೂ ಕರೆದುಕೊಂಡು ಹೋಗುತ್ತದೆ, ಆ ಜಿಡ್ಡಿಗೆ ಧೂಳು ಅಂಟುತ್ತದೆ.

ಪೈಪಿನೊಳಗಿನ ಮಳೆಗಾಲ

ಈಗ ನನಗೆ ಅತಿ ಮುಖ್ಯ ಅನಿಸುವ ಭಾಗ.

ಮಲೆನಾಡಿನ ಅಡುಗೆಮನೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಆಷಾಢದಲ್ಲಿ ಉಪ್ಪು ನೀರೊಡೆಯುತ್ತದೆ. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಕರಿದ ಹಪ್ಪಳ ಅರ್ಧ ಗಂಟೆಯಲ್ಲಿ ಮೆತ್ತಗೆ. ಪಿಎಜಿ ಆಯಿಲ್ ಆ ಉಪ್ಪಿನ ಜಾತಿಯದು. ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ರಾತ್ರಿಯಿಡೀ ಮುಚ್ಚಳ ತೆರೆದಿಟ್ಟ ಬಾಟಲಿಯ ಆಯಿಲ್ ಬೆಳಿಗ್ಗೆ ಕೆಲಸಕ್ಕೆ ಬಾರದು. ಇನ್ನು ಡ್ರೈಯರ್ ಅಂದರೆ, ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರಲ್ಲ, ಅದೇ. ಅದರೊಳಗೆ ತೇವ ಹೀರುವ ಸಣ್ಣ ಮಣಿಗಳಿರುತ್ತವೆ. ಸಿಸ್ಟಮ್ ಬಿಚ್ಚಿದಾಗ ಹಳೇ ಡ್ರೈಯರ್ ವಾಪಸ್ ಹಾಕಿದರೆ, ಒದ್ದೆ ಅಕ್ಕಿಯನ್ನು ಉಪ್ಪಿಗೆ ಹಾಕಿದ ಹಾಗೆ. ಹೊಸ ಡ್ರೈಯರಿನ ಮೂತಿಯ ಬಿರಡೆಯನ್ನೂ ಕೊನೇ ಗಳಿಗೆಯಲ್ಲಿ ತೆಗೆಯಬೇಕು.

ಒಳಗೆ ನೀರು ಉಳಿದರೆ ಏನಾಗುತ್ತದೆ? ಎಕ್ಸ್‌ಪಾನ್ಷನ್ ವಾಲ್ವ್‌ನ ಸಣ್ಣ ತೂತಿನಲ್ಲಿ ಆ ನೀರು ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಎಸಿ ಹತ್ತು ನಿಮಿಷ ಚೆನ್ನಾಗಿ ತಣ್ಣಗೆ ಮಾಡುತ್ತದೆ, ಆಮೇಲೆ ಬರೀ ಗಾಳಿ. ಆಫ್ ಮಾಡಿ ಕಾಫಿ ಕುಡಿದು ಬಂದರೆ ಮತ್ತೆ ತಂಪು! ಗಡ್ಡೆ ಕರಗಿರುತ್ತದೆ. ಈ ಲಕ್ಷಣ ಕಂಡರೆ ಗ್ಯಾಸ್ ಕಮ್ಮಿ ಎಂದು ತುಂಬಿಸಲು ಹೋಗಬೇಡಿ. ನಿಧಾನದ ಕೇಡು ಇನ್ನೊಂದಿದೆ. ನೀರು, ಗ್ಯಾಸು, ಆಯಿಲ್ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದ ತಿನ್ನುತ್ತದೆ.

ಆ ನೀರನ್ನು ಒರೆಸಲು ಬೈರಾಸ ಒಳಗೆ ಹೋಗುವುದಿಲ್ಲ. ಕುದಿಸಿಯೇ ತೆಗೆಯಬೇಕು. ಇಲ್ಲಿ ಕುಕ್ಕರ್ ಲೆಕ್ಕ ಉಲ್ಟಾ. ಪಂಪ್ ಹಾಕಿ ಒಳಗಿನ ಗಾಳಿಯೆಲ್ಲ ಎಳೆದರೆ ಒತ್ತಡ ಎಷ್ಟು ಇಳಿಯುತ್ತದೆಂದರೆ, ನೀರು 25 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಇದೇ ವ್ಯಾಕ್ಯೂಮ್. ಹಾಗಾಗಿ "ಐದು ನಿಮಿಷ ವ್ಯಾಕ್ಯೂಮ್ ಸಾಕು" ಅನ್ನುವವರ ಹತ್ತಿರ ಕಾರು ಬಿಡಬೇಡಿ. ಕಡಿಮೆ ಅಂದರೆ ಅರ್ಧ ಗಂಟೆ, ಮಳೆಗಾಲದಲ್ಲಿ ಒಂದು ಗಂಟೆ ಓಡಲಿ.

ಸಾಗರ ರಸ್ತೆ ಕಡೆಯ ಒಂದು ಶೆಡ್ಡಿನಲ್ಲಿ ನಮ್ಮ ಕೆಲಸ ನಡೆಯಿತು. ಅಲ್ಲಿನ ಮೆಕ್ಯಾನಿಕ್ ಎಸಿ ಭಾಯ್, ಒತ್ತಡ ತೋರಿಸುವ ನೀಲಿ ಗೇಜ್ ತೋರಿಸಿದರು. ವ್ಯಾಕ್ಯೂಮ್ ಅಳೆಯುವುದು ಪಾದರಸದ ಇಂಚಿನಲ್ಲಿ, ಮುಳ್ಳು ಸೊನ್ನೆಯಿಂದ ಇಳಿದು 28 ಇಂಚಿನ ಹತ್ತಿರ ಬಂದು ನಿಂತಿತ್ತು. ವಿಡಿಯೋ ನೋಡಿ ಬಂದಿದ್ದ ನಾನು "29.9 ಬರಬೇಕಲ್ಲ ಭಾಯ್, ನಿಮ್ಮ ಪಂಪ್ ವೀಕಾ?" ಅಂದೆ. ಅವರು ನಕ್ಕರು. "ಅದು ಮಂಗಳೂರಿನ ಲೆಕ್ಕ ಸಾರ್. ಇಲ್ಲಿ ಇಷ್ಟೇ." ಮನೆಗೆ ಬಂದು ಲೆಕ್ಕ ಹಾಕಿದೆ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರ. ಪ್ರತಿ 300 ಮೀಟರಿಗೆ ಗಾಳಿಯ ಒತ್ತಡ ಹೆಚ್ಚುಕಮ್ಮಿ ಒಂದು ಇಂಚು ಇಳಿಯುತ್ತದೆ. ಅಂದರೆ ಇಲ್ಲಿ ಎಂಥಾ ಒಳ್ಳೆ ಪಂಪ್ ಇಟ್ಟರೂ ಮುಳ್ಳು 28 ದಾಟುವ ಹಾಗಿಲ್ಲ. ಅವರು ಹೇಳಿದ್ದು ಅಕ್ಷರಶಃ ಸರಿ!

ಆಮೇಲೆ ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟರು. ಈ ಇಪ್ಪತ್ತು ನಿಮಿಷವನ್ನು ಚಹಾ ಕುಡಿಯಲು ಹೋಗಿ ಕಳೆಯಬೇಡಿ, ಮುಳ್ಳನ್ನೇ ನೋಡಿ. ಅಲ್ಲಾಡದಿದ್ದರೆ ಒಳ್ಳೆಯದು. ಸೊನ್ನೆಯ ಕಡೆ ಸ್ವಲ್ಪ ಸರಿದು ನಿಂತರೆ ಒಳಗೆ ಇನ್ನೂ ನೀರು ಕುದಿಯುತ್ತಿದೆ, ಪಂಪ್ ಮತ್ತೆ ಓಡಬೇಕು. ನಿಲ್ಲದೆ ಸೊನ್ನೆಯ ಕಡೆ ನಡೆದರೆ ಎಲ್ಲೋ ಸೋರಿಕೆ ಇದೆ. ನಮ್ಮದು ಒಂದು ಕೂದಲಿನಷ್ಟು ಸರಿದು ನಿಂತಿತು. ಭಾಯ್ ಮಾತಿಲ್ಲದೆ ಪಂಪ್ ಮತ್ತೆ ಹಾಕಿದರು. ಆಗಲೇ ಅವರ ಮೇಲೆ ನಂಬಿಕೆ ಬಂತು.

ಇದೇ ಕಾರಣಕ್ಕೆ ಈ ಕೆಲಸವನ್ನು ಮಾಘ, ಫಾಲ್ಗುಣದಲ್ಲಿ ಮಾಡಿಸುವುದು ಜಾಣತನ. ಗಾಳಿ ಒಣಗಿರುತ್ತದೆ, ಬೇಸಿಗೆಯ ರಶ್ ಇನ್ನೂ ಶುರುವಾಗಿರುವುದಿಲ್ಲ.

ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಹಳೇ ಸ್ಟಿಕ್ಕರ್‌ನಲ್ಲಿ ಆರ್-12 600 ಗ್ರಾಂ ಎಂದಿದ್ದರೆ ಆರ್-134ಎ ಅದರ 80ರಿಂದ 90 ಪರ್ಸೆಂಟ್ ಸಾಕು, 500 ಗ್ರಾಂ ಚಿಲ್ಲರೆ. "ಜಾಸ್ತಿ ಹಾಕಿ, ಜಾಸ್ತಿ ತಂಪಾಗ್ಲಿ" ಅಂದರೆ ಉಲ್ಟಾ ಆಗುತ್ತದೆ. ಡ್ರೈಯರ್ ಮೇಲಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ನೋಡಿ ಅಂದಾಜು ಮಾಡುವ ಹಳೇ ಅಭ್ಯಾಸ ಆರ್-134ಎಗೆ ಹೊಂದುವುದಿಲ್ಲ. ಇನ್ನು ಅಡುಗೆ ಗ್ಯಾಸ್ ತುಂಬಿಕೊಡುವವರೂ ಇದ್ದಾರೆ. ತಂಪೇನೋ ಚೆನ್ನಾಗಿ ಬರುತ್ತದೆ. ಆದರೆ ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಕಾಲಿನ ಹತ್ತಿರ, ಕಿಟಕಿ ಮುಚ್ಚಿದ ಕಾರಿನಲ್ಲಿ. ಅದು ಸೋರಿದ ದಿನ ಯಾರಾದರೂ ಬೆಂಕಿಕಡ್ಡಿ ಗೀರಿದರೆ? ಬೇಡವೇ ಬೇಡ.

ಹಣ ಹಾಕುವುದಾದರೆ ಎಲ್ಲಿ?

ಹೊಸ ಗ್ಯಾಸಿನ ಒತ್ತಡ ಬಿಸಿಲಲ್ಲಿ ಹಳೆಯದಕ್ಕಿಂತ ಜಾಸ್ತಿ. ಆ ಬಿಸಿಯನ್ನು ಹೊರಹಾಕುವುದು ಕಂಡೆನ್ಸರ್. ಹಾಗಾಗಿ ನನ್ನನ್ನು ಕೇಳಿದರೆ ಮೊದಲ ಖರ್ಚು ಅಲ್ಲೇ. ಹಳೇ ಕಂಡೆನ್ಸರ್‌ನಲ್ಲಿ ಒಂದೇ ಪೈಪು ಹಾವಿನಂತೆ ಅತ್ತಿತ್ತ ಸುತ್ತಿರುತ್ತದೆ. ಈಗಿನದರಲ್ಲಿ ಹತ್ತಾರು ಚಪ್ಪಟೆ ನಾಳಗಳು ಸಾಲಾಗಿ ಕೂತಿರುತ್ತವೆ. ಅಡಿಕೆ ತೋಟದ ನೀರನ್ನು ನಾವು ಒಂದೇ ಉದ್ದ ಕಾಲುವೆಯಲ್ಲಿ ಸುತ್ತಿಸಿ ಬಿಡುವುದಿಲ್ಲ, ಸಾಲುಸಾಲಾಗಿ ಬಸಿಗಾಲುವೆ ತೆಗೆಯುತ್ತೇವೆ ಅಲ್ವಾ? ಅದೇ ಉಪಾಯ. ಅಷ್ಟೇ ಜಾಗದಲ್ಲಿ ಬಹಳ ಹೆಚ್ಚು ಬಿಸಿ ಬಿಡುತ್ತದೆ.

ಕಂಡೆನ್ಸರ್ ಫ್ಯಾನಿಗೆ ಒಂದು ಪುಕ್ಕಟೆ ಪರೀಕ್ಷೆ. ಎಸಿ ಹಾಕಿ, ಗ್ರಿಲ್ ಮುಂದೆ ದಿನಪತ್ರಿಕೆಯ ಒಂದು ಹಾಳೆ ಹಿಡಿಯಿರಿ. ರೇಡಿಯೇಟರ್ ಹಿಂದೆ ಕೂತ ಫ್ಯಾನ್ ಸರಿಯಿದ್ದರೆ ಹಾಳೆ ಅಂಟಿಕೊಂಡು ನಿಲ್ಲಬೇಕು. ಭಾವನ ಕಾರಿನಲ್ಲಿ ಹಾಳೆ ಜಾರಿ ಬಿತ್ತು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕೆಂಪು ಮಣ್ಣು, ಹುಳ, ಎಲೆಯ ಚೂರು ಸೇರಿ ಹೆಪ್ಪುಗಟ್ಟಿತ್ತು. ತೋಟದ ದಾರಿಯಲ್ಲಿ ಓಡಾಡುವ ಕಾರು, ಇನ್ನೇನಾಗುತ್ತದೆ.

ಹೀಟರ್ ವಾಲ್ವ್ ಮರೆಯಬೇಡಿ. ಹಳೇ ಕಾರಿನಲ್ಲಿ ಅದು ಪೂರ್ತಿ ಮುಚ್ಚುವುದಿಲ್ಲ. ಡ್ಯಾಶ್‌ಬೋರ್ಡ್ ಒಳಗೆ ಎಂಜಿನ್ನಿನ ಬಿಸಿನೀರು ಹರಿಯುತ್ತಲೇ ಇರುತ್ತದೆ. ಒಂದು ಕಡೆ ಎಸಿ ತಣ್ಣಗೆ ಮಾಡುತ್ತದೆ, ಪಕ್ಕದಲ್ಲೇ ಹೀಟರ್ ಬಿಸಿ ಮಾಡುತ್ತದೆ. ಬಾಗಿಲಿನ ಬೀಡಿಂಗ್ ಹರಿದಿದ್ದರೆ ಅದನ್ನೂ ಹಾಕಿಸಿ.

ಕರೆಂಟಿನ ಲೆಕ್ಕ ಮಲೆನಾಡಿಗೆ ವಿಶೇಷ. ಮಳೆ ರಾತ್ರಿಯಲ್ಲಿ ಎಲ್ಲವೂ ಒಟ್ಟಿಗೆ ಬೇಕು. ಹೆಡ್‌ಲೈಟ್ ಎರಡಕ್ಕೆ ಸುಮಾರು 9 ಆಂಪಿಯರ್, ಬ್ಲೋವರ್‌ಗೆ 10, ವೈಪರ್‌ಗೆ 4, ಕಂಪ್ರೆಸರ್ ಕ್ಲಚ್‌ಗೆ 3 ರಿಂದ 4, ಫ್ಯಾನಿಗೆ 8. ಕೂಡಿಸಿದರೆ 35ರ ಹತ್ತಿರ. ಕಾರು ನಿಂತು ಎಂಜಿನ್ ಐಡಲ್‌ನಲ್ಲಿದ್ದಾಗ, ಕರೆಂಟ್ ತಯಾರಿಸುವ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಡುವುದೂ ಇಲ್ಲ. ದೊಡ್ಡ ಬ್ಲೋವರ್, ದೊಡ್ಡ ಫ್ಯಾನ್ ಹಾಕಿಸುವ ಮೊದಲು ಆಲ್ಟರ್ನೇಟರ್ ಮೈಮೇಲಿನ ಆಂಪಿಯರ್ ಓದಿ. ಫ್ಯಾನಿಗೆ ರಿಲೇ (ಜಾಸ್ತಿ ಕರೆಂಟನ್ನು ತಾನೇ ಹೊರುವ ಸ್ವಿಚ್) ಹಾಕಿಸಿ, ಹಳೇ ಸ್ವಿಚ್ಚಿನ ಮೇಲೆ ಭಾರ ಹೇರಬೇಡಿ.

ಎಂಜಿನ್ ಶಕ್ತಿಯ ಮಾತು. ಕಾರ್ಬುರೇಟರ್ 800ರದ್ದು 796 ಸಿಸಿ, 37 ಅಶ್ವಶಕ್ತಿ. ಸಣ್ಣ ಕಂಪ್ರೆಸರ್ ಕೂಡ ಅದರಲ್ಲಿ ಎರಡು ಮೂರು ತಿನ್ನುತ್ತದೆ. ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಅದು ಗೊತ್ತಾಗುತ್ತದೆ. ಏರಿನಲ್ಲಿ ಆಫ್ ಮಾಡಿ, ಸಮ ರಸ್ತೆಗೆ ಬಂದ ಮೇಲೆ ಹಾಕಿ. ಎಸಿ ಹಾಕಿದೊಡನೆ ಎಂಜಿನ್ ನಡುಗಿ ಆಫ್ ಆಗುತ್ತಿದ್ದರೆ ಐಡಲ್-ಅಪ್ (ಎಸಿಯ ಭಾರ ಬಿದ್ದಾಗ ಎಂಜಿನ್ ವೇಗ ಏರಿಸುವ ಭಾಗ) ಕೆಟ್ಟಿರುತ್ತದೆ, ಕಂಪ್ರೆಸರನ್ನು ದೂರಬೇಡಿ. ಮೊದಲಿಂದಲೇ ಎಸಿ ಇಲ್ಲದ ಕಾರಿಗೆ ಹೊಸದಾಗಿ ಕೂರಿಸುವುದು ಬೇರೆಯೇ ಕಥೆ. ಬ್ರಾಕೆಟ್, ಪುಲ್ಲಿ, ರೇಡಿಯೇಟರ್ ಎಲ್ಲವೂ ಬದಲಾಗಬೇಕು. ತೀರಾ ಪ್ರೀತಿಯ ಕಾರಲ್ಲದಿದ್ದರೆ ನಾನು ಅದಕ್ಕೆ ಕೈ ಹಾಕುವುದಿಲ್ಲ.

ಕೆಲಸ ಮುಗಿದ ಮೇಲೆ ಭಾಯ್ ಹೇಳಿದ್ದು ಒಂದೇ. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಮಳೆಗಾಲದಲ್ಲೂ. ಕಂಪ್ರೆಸರ್ ಶಾಫ್ಟಿನ ಸೀಲ್‌ಗೆ ಆಯಿಲ್ ತಾಗುತ್ತಿರಬೇಕು. ಆರು ತಿಂಗಳು ಸುಮ್ಮನೆ ಬಿಟ್ಟರೆ ಸೀಲ್ ಒಣಗಿ ಗ್ಯಾಸ್ ಹೊರಡುತ್ತದೆ. ನಮ್ಮ ಕಡೆಯವರು ಮಾರ್ಚಿನಲ್ಲಿ ಸ್ವಿಚ್ ಒತ್ತಿ "ಗ್ಯಾಸ್ ಖಾಲಿ" ಅನ್ನುವುದರ ಹಿಂದೆ ಬಹಳ ಸಲ ಇರುವುದು ಇದೇ.

ಮುಂದಿನ ಆಷಾಢದಲ್ಲಿ ಅದೇ ರಸ್ತೆಯಲ್ಲಿ ಬಂದೆವು. ಬೈರಾಸ ಭಾವನ ಹೆಗಲ ಮೇಲೇ ಉಳಿಯಿತು. ಮನೆ ಅಂಗಳದಲ್ಲಿ ಕಾರು ನಿಂತ ಮೇಲೆ ಅಕ್ಕ ಬಗ್ಗಿ ನೋಡಿ ಗಾಬರಿಯಾದಳು. "ರೀ, ಕಾರು ಸೋರ್ತಾ ಇದೆ!" ಎಡಗಡೆ ಡ್ರೈನ್ ಪೈಪಿನಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಭಾವ ಒಳಗೆ ಹೋಗಿ ಚೊಂಬು ತಂದಿಟ್ಟು, ಎಂಜಿನ್ ಆಫ್ ಮಾಡದೆ ಕಾಲು ಗಂಟೆ ಬಿಟ್ಟರು. ಪೆಟ್ರೋಲ್ ದಂಡ ಎಂದು ಅಕ್ಕ ಬೈಯುತ್ತಿದ್ದಳು. ಚೊಂಬು ಎತ್ತಿ ನೋಡಿದರೆ ಕಾಲು ಭಾಗ ತುಂಬಿತ್ತು.